ಬರಬೇಕಾಗಿದ್ದ ಪೆಟ್ಟಿಗೆಗಳು

ಲಿಯೊನಿಲಾ ಅಗ್ಕವಿಲಿ ಪತ್ರಿಕೆಯ ಕೆಲಸಕ್ಕೆ ಸೇರಿದ್ದು ಅಪ್ಪನ ಕೋಳಿ ಅಂಕದ ದೆಸೆಯಿಂದ.

ಅದು ವೈಪಾಹುವಿನ ಸಕ್ಕರೆ ಗಿರಣಿ ಹಗಲಿರುಳು ಹೊಗೆಯುಗುಳುತ್ತಿದ್ದ ಕಾಲ. ಕೊಯ್ಲಿಗೆ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಹಾಕಿದ ದಿನ ಕರಿ ಬೂದಿ ಹಾರಿಬಂದು ಹಗ್ಗದ ಮೇಲಿನ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಕ್ಯಾಂಪಿನ ಹೆಂಗಸರು ಗಿರಣಿಯನ್ನೂ ಗಾಳಿಯನ್ನೂ ಸೇರಿಸಿ ಬಯ್ದು, ಬಟ್ಟೆಯನ್ನು ಮತ್ತೆ ನೀರಿಗೆ ಹಾಕುತ್ತಿದ್ದರು. ಕ್ಯಾಂಪಿನಲ್ಲಿದ್ದವರು ಬಹುಪಾಲು ಫಿಲಿಪ್ಪೀನ್ಸಿನ ಇಲೊಕೋಸ್ ಸೀಮೆಯಿಂದ ಹಡಗು ಹತ್ತಿ ಹವಾಯಿಗೆ ಬಂದ ಕೂಲಿಯವರು. ಒಂದೇ ಅಚ್ಚಿನ ಮನೆಗಳು, ಪ್ರತಿ ಮನೆಯ ಹಿಂದೆ ನುಗ್ಗೆಮರ, ಹಾಗಲ ಬಳ್ಳಿ, ಅದರಾಚೆ ಕಾಲಿಗೆ ಹಗ್ಗ ಕಟ್ಟಿದ ಹುಂಜಗಳು. ಲಿಯೊನಿಲಾಳ ಅಪ್ಪ ಎಲ್ಪಿಡಿಯೊ ಮನೆಯಲ್ಲಿ ತುಟಿ ಬಿಚ್ಚುತ್ತಿದ್ದದ್ದೇ ಅಪರೂಪ. ಹುಂಜದ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಮಾತ್ರ ಸಂಜೆಯೆಲ್ಲ ಮಾತಾಡುತ್ತಿದ್ದ.

ಒಂದು ಭಾನುವಾರ ಪೊಲೀಸರು ಗದ್ದೆಯಾಚೆಯ ಕೊರಕಲಿನಲ್ಲಿ ನಡೆಯುತ್ತಿದ್ದ ಅಂಕಕ್ಕೆ ದಾಳಿ ಮಾಡಿದರು. ಸಿಕ್ಕಿಬಿದ್ದವರಲ್ಲಿ ಎಲ್ಪಿಡಿಯೊ ಒಬ್ಬ. ಹೆಸರು ಕೇಳಿದಾಗ ಅವನಿಗೆ ಪೊಲೀಸಿನವನಿಗಿಂತ ಹೆಚ್ಚಾಗಿ ಕಣ್ಣೆದುರು ಬಂದದ್ದು ಹೆಂಡತಿಯ ಮುಖ. ಬಾಯಿಗೆ ಮೊದಲು ಬಂದದ್ದು ಪಕ್ಕದ ಮನೆಯವನ ಹೆಸರು. ‘ಎಪಿಫಾನಿಯೊ ರಗಾಸಾ’ ಅಂದುಬಿಟ್ಟ.

ಎಪಿಫಾನಿಯೊ ರಗಾಸಾ ಕ್ಯಾಂಪಿನಲ್ಲಿ ಪ್ರಾರ್ಥನೆ ಹೇಳಿಕೊಡುವ ಮನುಷ್ಯ. ಸತ್ತವರ ಮನೆಯಲ್ಲಿ ಜಪಮಾಲೆ ಹಿಡಿದು ಕೂರುವವನು. ಹೊನೊಲುಲುವಿನ ದಿನಪತ್ರಿಕೆಯಲ್ಲಿ ಜೂಜುಕೋರರ ಸಾಲಿನಲ್ಲಿ ಅವನ ಹೆಸರು ಅಚ್ಚಾಗಿ ಬಂದಾಗ ಕ್ಯಾಂಪಿಗೆ ಕ್ಯಾಂಪೇ ಹೊಟ್ಟೆ ಹಿಡಿದು ನಕ್ಕಿತು. ‘ಏನ್ ಮನೋಂಗ್, ದೇವರು ಯಾವ ಹುಂಜದ ಮೇಲೆ ಕಟ್ಟೋಕೆ ಹೇಳಿದ?’ ಎಂದು ಹುಡುಗರು ಬೇಲಿಯಾಚೆಯಿಂದ ಕೇಳುತ್ತಿದ್ದರು. ಮನೋಂಗ್ ಎಂದರೆ ಅಣ್ಣ. ವೈಪಾಹುವಿನಲ್ಲಿ ಹಾಗೆ ಕರೆಸಿಕೊಳ್ಳದೆ ಯಾರಿಗೂ ವಯಸ್ಸಾಗುವುದಿಲ್ಲ. ಪಾದ್ರಿಗಳು ಎಪಿಫಾನಿಯೊನನ್ನು ಕರೆಸಿ, ಸ್ವಲ್ಪ ದಿನ ಪ್ರಾರ್ಥನೆ ಬೇರೆಯವರು ಹೇಳಲಿ ಎಂದರು. ಆತ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ.

ಲಿಯೊನಿಲಾಗೆ ಆಗ ಹದಿನೇಳು. ಭಾನುವಾರ ಅಪ್ಪ ನಲ್ಲಿಯ ಹತ್ತಿರ ತೋಳಿನ ರಕ್ತದ ಕಲೆ ತೊಳೆಯುತ್ತಿದ್ದದ್ದನ್ನು ಅವಳು ನೋಡಿದ್ದಳು. ಯಾರಿಗೂ ಹೇಳದೆ ಬಸ್ಸು ಹತ್ತಿ ಹೊನೊಲುಲುವಿಗೆ ಹೋದಳು. ಪತ್ರಿಕೆಯ ಕಚೇರಿಯಲ್ಲಿ ಸ್ಥಳೀಯ ಸುದ್ದಿ ನೋಡುತ್ತಿದ್ದ ಮುದುಕ ಬಿಳಿಯನೊಬ್ಬ ಕಿವಿಯ ಹಿಂದೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಕೂತಿದ್ದ.

‘ನೀವು ಹಾಕಿರೋ ಹೆಸರು ತಪ್ಪು’ ಅಂದಳು.

‘ಎಲ್ಲರೂ ಹಾಗೇ ಹೇಳ್ತಾರಮ್ಮ. ಸರಿ, ಅವನಲ್ಲದಿದ್ದರೆ ಇನ್ಯಾರು?’

‘ನಮ್ಮಪ್ಪ.’

ಮುದುಕ ತಲೆಯೆತ್ತಿ ನೋಡಿದ. ‘ಮನೇಲಿ ನಿನ್ನ ಚರ್ಮ ಸುಲೀತಾರೆ, ಗೊತ್ತಾ?’

‘ಗೊತ್ತು. ಬರ್ಕೊಂಡೇ ಬಂದಿದೀನಿ.’

ಅವಳು ಶಾಲೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆದು ತಂದಿದ್ದಳು. ಮುದುಕ ಓದಿ, ಒಂದು ಅಲ್ಪವಿರಾಮ ಹೊಡೆದು ಹಾಕಿ, ಅಚ್ಚಿಗೆ ಕಳಿಸಿದ. ಆಮೇಲೆ, ‘ಟೈಪು ಬರುತ್ತಾ?’ ಎಂದು ಕೇಳಿದ.

ತಿದ್ದುಪಡಿ ಬಂದ ದಿನ ಅವ್ವ ಮನೆಯಲ್ಲಿ ಅನ್ನದ ಪಾತ್ರೆ ಎತ್ತಿ ಕುಕ್ಕಿದ ಸದ್ದು ಬೀದಿಯ ಕೊನೆಗೆ ಕೇಳಿಸಿತಂತೆ. ಎಲ್ಪಿಡಿಯೊ ವಾರವೆಲ್ಲ ಹುಂಜಗಳ ಹತ್ತಿರವೇ ಊಟ ಮಾಡಿದ. ಕೊನೆಗೊಂದು ಸಂಜೆ ಮಗಳ ಪಕ್ಕ ಬಂದು ಮೆಟ್ಟಿಲ ಮೇಲೆ ಕೂತ. ‘ಪೇಪರಿನವರು ಯಾವಾಗಲೂ ನಮ್ಮ ಹೆಸರು ಕೆಡಿಸಿ ಬರೀತಾರೆ’ ಅಂದ. ‘ನೀನು ಕಾಗುಣಿತಾನಾದ್ರೂ ಸರಿ ಬರ್ದಿದೀಯ.’ ಅಷ್ಟೇ. ಆ ವಿಷಯ ಮತ್ತೆ ಅವನ ಬಾಯಲ್ಲಿ ಬರಲಿಲ್ಲ. ಎಪಿಫಾನಿಯೊ ಮಾತ್ರ ಒಂದು ಗೊನೆ ಬಾಳೆಹಣ್ಣು ತಂದು ಬಾಗಿಲಲ್ಲಿಟ್ಟು, ಏನು ಹೇಳಬೇಕೆಂದು ತೋಚದೆ ಶಿಲುಬೆಯ ಗುರುತು ಮಾಡಿಕೊಂಡು ಹೋದ.

ಆ ಪತ್ರಿಕೆಯಲ್ಲಿ ಲಿಯೊನಿಲಾ ಬಹಳ ವರ್ಷ ದುಡಿದಳು. ಮೊದಲು ಟೈಪು, ಆಮೇಲೆ ಹೆಂಗಸರ ಪುಟ: ಯಾರ ಮದುವೆಗೆ ಯಾವ ಹೂವಿನ ಹಾರ, ಯಾರ ಮನೆಯಲ್ಲಿ ಯಾವ ಕೇಕು. ಕಬ್ಬಿನ ಕೂಲಿಗಳ ದೊಡ್ಡ ಮುಷ್ಕರ ಬಂದಾಗ ಕ್ಯಾಂಪಿನವರ ಮಾತು ತಿಳಿಯುವವರು ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅವಳನ್ನೇ ಕಳಿಸಿದರು. ಸಾಮೂಹಿಕ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಹೆಂಗಸರು ಹೇಳಿದ್ದನ್ನೆಲ್ಲ ಅವಳು ಬರೆದುಕೊಂಡಳು. ಬರೆಯುತ್ತಾ ತಾನೂ ಸೊಪ್ಪು ಬಿಡಿಸಿದಳು. ಅಲ್ಲೇ ಅಕ್ಕಿಮೂಟೆ ಇಳಿಸುತ್ತಿದ್ದ ಫೌಸ್ತಿನೊ ಕಿಯಾವಿತ್ ಎಂಬ ಲಾರಿ ಚಾಲಕ, ‘ಮಿಸ್ ರಿಪೋರ್ಟರ್, ಬೇರು ಬಿಟ್ಟು ಎಲೆ ಹಾಕಿ, ನೀವು ಎಲೆ ಬಿಟ್ಟು ಬೇರು ಹಾಕ್ತಿದೀರಿ’ ಅಂದ. ಮುಂದಿನ ವರ್ಷ ಅವನನ್ನೇ ಮದುವೆಯಾದಳು. ಬರಹದ ಕೆಳಗೆ ಮಾತ್ರ ಅಗ್ಕವಿಲಿ ಎಂದೇ ಹಾಕಿಕೊಂಡಳು. ಪೇಪರಿನವರಿಗೆ ಇದರ ಕಾಗುಣಿತ ಕಲಿಸಿಕೊಟ್ಟಾಗಿದೆ, ಇನ್ನು ಹೊಸದಾಗಿ ಕಿಯಾವಿತ್ ಕಲಿಸೋಕೆ ನನ್ನ ಕೈಲಾಗಲ್ಲ ಎನ್ನುತ್ತಿದ್ದಳು.

ವಲಸೆಯ ಕಾನೂನು ಸಡಿಲವಾದ ಮೇಲೆ ವೈಪಾಹುವಿಗೆ ಹೊಸ ಜನ ಬರತೊಡಗಿದರು. ಈ ಸಲ ಒಂಟಿ ಗಂಡಸರಲ್ಲ, ಮನೆಮಂದಿಯೆಲ್ಲ. ಅವರಲ್ಲಿ ವಿಸಿಟಾಸಿಯೋನ್ ದುಮ್ಲಾವ್ ಎಂಬಾಕೆಯೊಬ್ಬಳು. ಊರಲ್ಲಿ ಹೈಸ್ಕೂಲು ಟೀಚರು. ಇಲ್ಲಿ ಆ ಸರ್ಟಿಫಿಕೇಟು ನಡೆಯದೆ, ವೈಕಿಕಿಯ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದಳು. ಹೀಗೆ ಹಾಸಿಗೆ ಹಾಸುವ ಟೀಚರುಗಳ ಬಗ್ಗೆ ಬರೆಯಲು ಲಿಯೊನಿಲಾ ಅವಳನ್ನು ಹುಡುಕಿಕೊಂಡು ಹೋದಳು. ಬರಹವನ್ನು ಪತ್ರಿಕೆ ಹಾಕಲಿಲ್ಲ. ಹೋಟೆಲಿನವರು ಜಾಹೀರಾತು ಕೊಡುತ್ತಿದ್ದರು ಎಂಬುದು ಕಾರಣವಿರಬಹುದು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

‘ಹಾಕದಿದ್ರೆ ಬಿಡು’ ಅಂದಳು ವಿಸಿಂಗ್. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೇ. ‘ನಾವೇ ಒಂದು ಪೇಪರ್ ಮಾಡೋಣ. ನೀನು ಬರಿ, ನಾನು ಮಾರ್ತೀನಿ. ನಾನು ಬಾಗಿಲಲ್ಲಿ ನಿಂತ್ರೆ ಇಲ್ಲ ಅನ್ನೋಕೆ ಯಾವನಿಗಾದರೂ ಧೈರ್ಯ ಇದೆಯಾ ನೋಡೇ ಬಿಡ್ತೀನಿ.’

ಹೀಗೆ ಫೌಸ್ತಿನೊನ ಗ್ಯಾರೇಜಿನಲ್ಲಿ ‘ಸರಿತಾ’ ಹುಟ್ಟಿತು. ಇಲೊಕಾನೊ ಮಾತಿನಲ್ಲಿ ಸರಿತಾ ಎಂದರೆ ಹರಟೆಯೂ ಹೌದು, ಕಥೆಯೂ ಹೌದು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಅರ್ಧ ಇಲೊಕಾನೊ, ಅರ್ಧ ಇಂಗ್ಲಿಷು. ಫೌಸ್ತಿನೊ ತನ್ನ ಕಾರನ್ನು ಬೀದಿಗೆ ತಳ್ಳಿ, ಹಳೆಯ ಬಾಗಿಲೊಂದನ್ನು ಡ್ರಮ್ಮುಗಳ ಮೇಲೆ ಮಲಗಿಸಿ ಮೇಜು ಮಾಡಿಕೊಟ್ಟ. ಪುಟಕ್ಕೆ ಅಕ್ಷರ ಅಂಟಿಸುವ ಬಿಸಿ ಮೇಣದ ವಾಸನೆ, ಕತ್ತರಿಸಿದ ಕಾಗದದ ಚೂರು, ಮೂಲೆಯಲ್ಲಿ ಬಾಗಂಗ್ ಮೀನಿನ ಗೊಜ್ಜು ಹಾಕಿ ಬೇಯಿಸಿದ ಬದನೆ, ಹಾಗಲ, ಬೆಂಡೆಯ ಪಾತ್ರೆ. ಬಂದವರಿಗೆಲ್ಲ ಮೊದಲು ತಟ್ಟೆ, ಆಮೇಲೆ ಮಾತು. ಯಾವ ಬಸ್ಸಿನ ದಾರಿ ಬದಲಾಯಿತು, ಆಸ್ಪತ್ರೆಯಲ್ಲಿ ಏನು ಕೇಳುತ್ತಾರೆ, ಯಾರ ಮಗಳು ನರ್ಸಿಂಗ್ ಪರೀಕ್ಷೆ ಪಾಸಾದಳು, ಯಾರು ತೀರಿಕೊಂಡರು, ಅವರು ಯಾವ ಊರಿನವರು ಎಂಬುದೆಲ್ಲ ‘ಸರಿತಾ’ದಲ್ಲಿ ಬರುತ್ತಿತ್ತು. ಮುಖಪುಟದಲ್ಲಿ ಊರಿನ ಸಂಘಗಳು ವರ್ಷವರ್ಷ ಆರಿಸುವ ಸೌಂದರ್ಯ ರಾಣಿಯರ ಫೋಟೋ. ಅದಿಲ್ಲದಿದ್ದರೆ ಪತ್ರಿಕೆ ಅಂಗಡಿಯ ಕಟ್ಟೆಯಿಂದ ಏಳುತ್ತಲೇ ಇರಲಿಲ್ಲ.

ಬರೆದು ಕೈತೊಳೆದುಕೊಳ್ಳುವುದು ಲಿಯೊನಿಲಾಳಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಇಲೊಕಾನೊ ಬಲ್ಲವರಿಲ್ಲ ಎಂದು ಬರೆದವಳೇ ಹೋಗಿ, ಬಲ್ಲವರನ್ನು ನೇಮಿಸುವ ತನಕ ಅಲ್ಲಿನ ಬೆಂಚಿನ ಮೇಲೆ ಬುತ್ತಿ ಕಟ್ಟಿಕೊಂಡು ಕೂರುತ್ತಿದ್ದಳು. ಬಾಡಿಗೆ ಮನೆಯವನು ಓಡಿಸಿದ ಸಂಸಾರದ ಜೊತೆ ಕೋರ್ಟಿಗೆ ಹೋಗುತ್ತಿದ್ದಳು. ನಿಧಾನವಾಗಿ ಅವಳು ಊರಿಗೆಲ್ಲ ಮನಾಂಗ್ ನೀಲಾ ಆದಳು, ಎಲ್ಲರ ಅಕ್ಕ. ಮಗಳು ಡೆಲಿಯಾಳ ಜ್ಞಾನಸ್ನಾನಕ್ಕೆ ವಿಸಿಂಗ್ ಧರ್ಮತಾಯಿಯಾಗಿ ನಿಂತಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕುಮಾರೆ’ ಎಂದು ಕರೆದುಕೊಂಡರು. ಒಂದೇ ಮಗುವಿಗೆ ಇಬ್ಬರು ತಾಯಂದಿರಾದವರ ಸಂಬಂಧ ಅದು; ಅವರಲ್ಲಿ ಒಡಹುಟ್ಟಿದವರಿಗಿಂತ ಒಂದು ಗುಲಗಂಜಿ ಹೆಚ್ಚು.

ಆಮೇಲೆ ಪೆಟ್ಟಿಗೆಗಳ ಕಾಲ ಬಂತು.

ಊರಿಗೆ ಪೆಟ್ಟಿಗೆ ಕಳಿಸುವುದೆಂದರೆ ಏನೆಂದು ವೈಪಾಹುವಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಸೊಂಟದೆತ್ತರದ ರಟ್ಟಿನ ಡಬ್ಬ ಹಜಾರದ ಮೂಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಸಂತೆಗೆ ಹೋದಾಗೆಲ್ಲ ಒಂದೊಂದು: ಸೋಪು, ಟೂತ್‌ಪೇಸ್ಟು, ಡಬ್ಬಿಯ ಮಾಂಸ, ಟವೆಲು, ಕಾಫಿಪುಡಿ. ಊರಿನಿಂದ ಮಕ್ಕಳ ಪಾದದ ಅಳತೆ ಕಾಗದದ ಮೇಲೆ ಗೆರೆ ಎಳೆದು ಕಳಿಸುತ್ತಿದ್ದರು. ಆ ಗೆರೆಗೆ ಹಿಡಿದು ಶೂ ಕೊಳ್ಳುತ್ತಿದ್ದರು. ತುಂಬಿದ ಮೇಲೆ ಮನೆಮಂದಿಯೆಲ್ಲ ಮೇಲೆ ಕೂತು ಅದುಮಿ, ಟೇಪು ಸುತ್ತಿ, ದಪ್ಪಕ್ಷರದಲ್ಲಿ ಹೆಸರು ಬರೆಯುವುದು. ವಿಸಿಂಗ್ ಹೋಟೆಲಿನ ಕೆಲಸ ಬಿಟ್ಟು ಈ ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಾಗಿಸುವ ವ್ಯವಹಾರ ಶುರುಮಾಡಿದಳು. ಮನಿಲಾದ ಬಂದರಿನಲ್ಲಿ ಬಿಡಿಸಿಕೊಂಡು ಊರೂರಿಗೆ ಮುಟ್ಟಿಸುವ ಹೊಣೆ ಅವಳ ತಮ್ಮನದು. ‘ದುಮ್ಲಾವ್ ಪೆಟ್ಟಿಗೆ’ ಎಂದರೆ ಜನ ಕಣ್ಣುಮುಚ್ಚಿ ಕೊಡುತ್ತಿದ್ದರು. ‘ಸರಿತಾ’ದ ಹಿಂದಿನ ಪುಟ ಪೂರ್ತಿ ಅವಳದೇ ಜಾಹೀರಾತು. ಆ ಒಂದು ಪುಟದ ಮೇಲೇ ಪತ್ರಿಕೆ ಉಸಿರಾಡುತ್ತಿತ್ತು.

ಗಿರಣಿಯ ಕೊನೆಯ ವರ್ಷಗಳಲ್ಲಿ ಒಂದು ಕ್ರಿಸ್‌ಮಸ್ಸಿಗೆ ಪೆಟ್ಟಿಗೆಗಳು ಊರು ಮುಟ್ಟಲಿಲ್ಲ. ಈಸ್ಟರಿಗೂ ಮುಟ್ಟಲಿಲ್ಲ. ಚರ್ಚಿನ ಮುಂದೆ ಸಿಂಫೊರೋಸಾ ಎಂಬ ಮುದುಕಿ ಲಿಯೊನಿಲಾಳ ಕೈ ಹಿಡಿದು ನಿಲ್ಲಿಸಿದಳು. ಸಿಂಫೊರೋಸಾ ಅನಾನಸ್ ಕಾರ್ಖಾನೆಯಲ್ಲಿ ದುಡಿದು ಬೆರಳೆಲ್ಲ ಸೊಟ್ಟಗಾದವಳು. ಊರಿನಲ್ಲಿ ಅವಳ ತಾಯಿ ಇನ್ನೂ ಬದುಕಿದ್ದಳು.

‘ಮನಾಂಗ್, ನಮ್ಮವ್ವನಿಗೆ ಕಂಬಳಿ ಇಟ್ಟಿದ್ದೆ. ಅವಳಿಗೆ ಚಳಿ ತಡೆಯಲ್ಲ. ಬಂತಾ ಅಂತ ಕೇಳಿದ್ರೆ, ನೀನು ಕಳಿಸೇ ಇಲ್ಲ, ಸುಳ್ಳು ಹೇಳ್ತೀಯ ಅಂತಾಳೆ. ನಮ್ಮವ್ವ ನನ್ನ ಸುಳ್ಳುಗಾತಿ ಅಂತಾಳೆ.’

ಲಿಯೊನಿಲಾ ಮನಿಲಾದಲ್ಲಿದ್ದ ಪರಿಚಯದ ಪತ್ರಕರ್ತನೊಬ್ಬನಿಗೆ ಫೋನು ಮಾಡಿದಳು. ಅವನು ಬಂದರಿನ ಹತ್ತಿರ ವಿಚಾರಿಸಿ ಹೇಳಿದ್ದು ಇಷ್ಟು: ಸುಂಕ ಕಟ್ಟದ ಪೆಟ್ಟಿಗೆಗಳು ಒಂದು ತಗಡಿನ ಶೆಡ್ಡಿನಲ್ಲಿ ಮಾಡಿನ ತನಕ ಪೇರಿಸಿಕೊಂಡಿವೆ, ವಿಸಿಂಗ್‌ಳ ತಮ್ಮ ಊರುಬಿಟ್ಟು ಹೋಗಿ ಬಹಳ ತಿಂಗಳಾಯಿತು.

ಅವಳು ನೇರ ವಿಸಿಂಗ್‌ಳ ಅಂಗಡಿಗೆ ಹೋದಳು. ಒಳಗೆ ಒಂದು ಚಿಕ್ಕ ಸಂಸಾರ ಹೊಸ ಪೆಟ್ಟಿಗೆಯೊಂದನ್ನು ಕೊಟ್ಟು ಹೊರಡುತ್ತಿತ್ತು. ಅವರು ಹೋಗುವ ತನಕ ಕಾದು ಲಿಯೊನಿಲಾ ಬಾಗಿಲು ಮುಂದೆ ಮಾಡಿದಳು.

‘ಕುಮಾರೆ, ಶೆಡ್ಡಿನ ವಿಷಯ ನಿನಗೆ ಯಾವಾಗಿಂದ ಗೊತ್ತು?’

ವಿಸಿಂಗ್ ಟೇಪಿನ ಸುರುಳಿಯನ್ನು ಕೆಳಗಿಟ್ಟಳು. ‘ಬಂದರಿನಲ್ಲಿ ಮುಷ್ಕರ’ ಅಂದಳು. ಆಮೇಲೆ, ‘ಹಡಗು ತಡ’ ಅಂದಳು. ಲಿಯೊನಿಲಾ ಹೊಸ ಪೆಟ್ಟಿಗೆಯ ಮೇಲಿನ ಹೆಸರು ಓದಿದಳು.

‘ಸೆಪ್ಟೆಂಬರಿಂದ’ ಅಂದಳು ವಿಸಿಂಗ್ ಕೊನೆಗೆ. ‘ನನ್ನ ತಮ್ಮ ಹೀಗೆ ಮಾಡ್ತಾನೆ ಅಂತ ನಾನು ಕನಸು ಕಂಡಿದ್ನಾ? ಹೊಸ ಪೆಟ್ಟಿಗೆ ಬಂದ್ರೆ ಹಳೇದನ್ನ ಬಿಡಿಸ್ಬೋದು ಅಂತ ನೋಡ್ತಿದೀನಿ. ಸ್ವಲ್ಪ ದಿನ. ಎಲ್ಲಾ ಸರಿ ಮಾಡ್ತೀನಿ.’

‘ಈಗ ಕೊಟ್ಟು ಹೋದ್ರಲ್ಲ, ಅವರದು?’

‘ನೀನು ಇದನ್ನ ಬರೆದ್ರೆ ನಿನ್ನ ಪೇಪರೇ ಸಾಯುತ್ತೆ, ನೀಲಾ. ಹಿಂದಿನ ಪುಟ ಯಾರದು ಅಂತ ನೆನಪಿದೆ ತಾನೆ? ನಾನು ನಿನ್ನ ಮಗಳನ್ನ ದೇವರ ಮುಂದೆ ಎತ್ಕೊಂಡು ನಿಂತೋಳು.’

‘ನೆನಪಿದೆ’ ಅಂದಳು ಲಿಯೊನಿಲಾ.

ಮುಂದಿನ ಸಂಚಿಕೆಯಲ್ಲಿ ಸೌಂದರ್ಯ ರಾಣಿ ಇರಲಿಲ್ಲ. ಮನಿಲಾದಿಂದ ತರಿಸಿದ ಶೆಡ್ಡಿನ ಫೋಟೋ ಇತ್ತು, ಕೆಳಗೆ ಎಲ್ಲ ವಿವರವೂ ಇತ್ತು: ಮಾಲೀಕಳು ಯಾರು, ಅವಳಿಗೆ ಯಾವಾಗ ತಿಳಿಯಿತು, ತಿಳಿದ ಮೇಲೂ ಪೆಟ್ಟಿಗೆ ತೆಗೆದುಕೊಂಡಳೇ ಇಲ್ಲವೇ. ಆಕೆ ಈ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬಳು, ಸಂಪಾದಕಿಯ ಮಗಳ ಧರ್ಮತಾಯಿ ಎಂಬ ಸಾಲನ್ನೂ ಲಿಯೊನಿಲಾ ಸೇರಿಸಿದ್ದಳು. ಹಿಂದಿನ ಪುಟವನ್ನು ಖಾಲಿ ಬಿಟ್ಟಿದ್ದಳು.

ಜನ ಸಿಟ್ಟಾದರು, ಆದರೆ ವಿಸಿಂಗ್ ಮೇಲಲ್ಲ. ‘ಸರಿತಾ’ದ ಕಟ್ಟುಗಳು ಬಿಚ್ಚದೆ ವಾಪಸು ಬಂದವು. ‘ಬಿಳಿಯರ ಮುಂದೆ ನಮ್ಮ ಮಾನ ಹರಾಜು ಹಾಕಿದಳು’ ಎಂದರು. ಕ್ಷೌರದಂಗಡಿಯ ಮುಂದೆ ಒಬ್ಬ, ‘ಸ್ವಂತ ಅಪ್ಪನ್ನೇ ಪೇಪರಿಗೆ ಹಾಕಿದೋಳು, ಕುಮಾರೆ ಯಾವ ಲೆಕ್ಕ’ ಅಂದ. ಅದು ಅವಳ ಕಿವಿಗೆ ಬಿತ್ತು. ಡೆಲಿಯಾ ಆಗ ಕಾಲೇಜಿನಲ್ಲಿದ್ದಳು. ಊಟದ ಮೇಜಿನಲ್ಲಿ ಅಮ್ಮನ ಮುಖ ನೋಡದೆ, ‘ನಿನಾಂಗ್‌ಗೆ ಒಂದು ಮಾತು ಮೊದಲೇ ಹೇಳ್ಬೋದಿತ್ತಲ್ಲ’ ಎಂದು ಎದ್ದು ಹೋದಳು. ನಿನಾಂಗ್ ಎಂದು ಅವಳು ಕರೆಯುತ್ತಿದ್ದದ್ದು ಧರ್ಮತಾಯಿಯನ್ನು. ಲಿಯೊನಿಲಾ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ಪಾತ್ರೆ ತೊಳೆದಳು. ಫೌಸ್ತಿನೊ ಪಕ್ಕದಲ್ಲಿ ನಿಂತು ಒರೆಸಿದ. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು, ಅವನು ಮತ್ತೆ ಒರೆಸುತ್ತಿದ್ದ.

ಆದರೂ ಅವಳು ಸಭೆ ಕರೆದಳು. ಚರ್ಚಿನ ಹಜಾರ ತುಂಬಿತು. ವಕೀಲನೊಬ್ಬ ದಾವೆ ಹೂಡಬಹುದು, ವರ್ಷಗಳು ಹಿಡಿಯುತ್ತವೆ ಎಂದ. ಲಿಯೊನಿಲಾ ಮೈಕು ತೆಗೆದುಕೊಂಡಳು.

‘ದಾವೆ ಹಾಕೋರು ಹಾಕಿ. ನಾನು ಕೇಳೋದು ಪೆಟ್ಟಿಗೆ ವಿಷಯ. ಶೆಡ್ಡಿನ ಮಾಡು ಸೋರುತ್ತೆ, ಮಳೆಗಾಲ ಬರ್ತಿದೆ. ಊರಿನ ಸಂಘದೋರು ಎಲ್ಲಾ ಇಲ್ಲೇ ಇದೀರಿ. ಪ್ರತಿ ವರ್ಷ ರಾಣಿ ಕಿರೀಟಕ್ಕೆ ಎಷ್ಟು ಸುರೀತೀರಿ? ಈ ವರ್ಷ ರಾಣಿ ಬೇಡ. ಆ ದುಡ್ಡಲ್ಲಿ ಬಂದರಿನ ಸುಂಕ ಕಟ್ಟೋಣ.’

ಗುಜುಗುಜು ಎದ್ದಿತು. ಕಾಗದಪತ್ರವೆಲ್ಲ ದುಮ್ಲಾವ್ ಹೆಸರಿನಲ್ಲಿದೆ, ಅವಳೇ ಖುದ್ದಾಗಿ ಸಹಿ ಹಾಕದೆ ಒಂದು ಸೋಪೂ ಹೊರಗೆ ಬರುವುದಿಲ್ಲ ಎಂದು ವಕೀಲ ಹೇಳಿದ. ಆಗ ಹಿಂದಿನ ಬಾಗಿಲ ಹತ್ತಿರ ಜನ ಸರಿದರು. ವಿಸಿಂಗ್ ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಯಾರಿಗೂ ತಿಳಿಯದು. ಯಾವಾಗಲೂ ನೆಟ್ಟಗೆ ಬಾಚಿಕೊಳ್ಳುತ್ತಿದ್ದ ತಲೆ ಕೆದರಿತ್ತು.

‘ನಾನು ಹೋಗ್ತೀನಿ’ ಅಂದಳು. ‘ಸಹಿ ಹಾಕ್ತೀನಿ. ಮನೆಮನೆಗೆ ನಾನೇ ಮುಟ್ಟಿಸ್ತೀನಿ.’

‘ನಿನ್ನನ್ನ ನಂಬ್ಕೊಂಡಾ?’ ಎಂದು ಯಾರೋ ಕೂಗಿದರು.

‘ನಂಬಬೇಡಿ. ಜೊತೆಗೆ ಇವಳನ್ನ ಕಳಿಸಿ.’

ಮನೆಗೆ ಬಂದು ಲಿಯೊನಿಲಾ ಪ್ರಯಾಣದ ಚೀಲ ಕಟ್ಟುವಾಗ ಫೌಸ್ತಿನೊ ಗಲ್ಲ ತುರಿಸಿಕೊಂಡು ಕೇಳಿದ. ‘ಇಬ್ಬರೂ ಒಂದೇ ಲಾರೀಲಾ? ನಾನೂ ಬರ್ಲಾ, ಮಧ್ಯ ಕೂರೋಕೆ?’

ಮಧ್ಯ ಕೂರುವ ಕೆಲಸ ಗ್ವಾಲ್ಬೆರ್ತೊಗೆ ಬಿತ್ತು. ಅವನು ಮನಿಲಾದಲ್ಲಿ ಗೊತ್ತುಮಾಡಿದ ಲಾರಿಯ ಡ್ರೈವರು. ಹೊಟ್ಟೆ ದಪ್ಪ, ಬಾಯಿ ಅದಕ್ಕಿಂತ ದಪ್ಪ. ಸಂಘದವರ ದುಡ್ಡಿನಲ್ಲಿ ಸುಂಕ ಕಟ್ಟಿ, ವಿಸಿಂಗ್ ಸಹಿ ಹಾಕಿ, ಶೆಡ್ಡಿನ ಬೀಗ ತೆರೆದಾಗ ಮೊದಲು ಬಂದದ್ದು ಸೋಪಿನ ವಾಸನೆ. ನೂರಾರು ಮನೆಗಳ ಸೋಪು ಒಟ್ಟಿಗೆ, ಅದರ ಕೆಳಗೆ ಮುಗ್ಗಲು ವಾಸನೆ. ತಳದ ಪೆಟ್ಟಿಗೆಗಳು ನೀರು ಕುಡಿದು ಕುಸಿದಿದ್ದವು. ಇಲಿ ಕಡಿದ ತೂತುಗಳಿಂದ ಟವೆಲುಗಳ ಅಂಚು ಇಣುಕುತ್ತಿತ್ತು. ಮೂರು ದಿನ ಇಬ್ಬರು ಹೆಂಗಸರೂ ಶೆಡ್ಡಿನ ಎರಡು ತುದಿಯಲ್ಲಿ ನಿಂತು ಊರಿನ ಪ್ರಕಾರ ಬೇರ್ಪಡಿಸಿದರು. ಮಾತೆಲ್ಲ ಗ್ವಾಲ್ಬೆರ್ತೊನ ಮೂಲಕ.

‘ಮಿಸೆಸ್ ದುಮ್ಲಾವ್‌ಗೆ ಹೇಳಿ, ಬಡೊಕ್ ಪೆಟ್ಟಿಗೆ ಎಡಕ್ಕೆ ಬರ್ಬೇಕು ಅಂತ.’

‘ಮಿಸೆಸ್ ದುಮ್ಲಾವ್, ಬಡೊಕ್ ಎಡಕ್ಕಂತೆ.’

‘ನನಗೂ ಕಿವಿ ಇದೆ ಅಂತ ಹೇಳಿ ಅವರಿಗೆ.’

‘ಅವರಿಗೂ ಕಿವಿ ಇದೆಯಂತೆ’ ಎಂದು ಗ್ವಾಲ್ಬೆರ್ತೊ ವರದಿ ಒಪ್ಪಿಸುತ್ತಿದ್ದ. ‘ಅಮ್ಮಂದಿರಾ, ನನಗೆ ಲಾರಿ ಓಡಿಸೋಕೆ ಕೊಟ್ಟಿರೋದು ಕೂಲಿ, ಟೆಲಿಫೋನ್ ಆಗೋಕಲ್ಲ.’

ಕರಾವಳಿಯ ರಸ್ತೆ ಹಿಡಿದು ಉತ್ತರಕ್ಕೆ ಹೊರಟರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಳ್ಳುಳ್ಳಿ, ಹೊಗೆಸೊಪ್ಪಿನ ಗದ್ದೆ. ಅಪ್ಪನ ಬಾಯಲ್ಲಿ ಹೆಸರು ಮಾತ್ರ ಕೇಳಿದ್ದ ಊರುಗಳು ಲಿಯೊನಿಲಾಳ ಕಿಟಕಿಯಾಚೆ ಒಂದೊಂದಾಗಿ ಬಂದವು. ವೈಪಾಹುವಿನ ಹಿತ್ತಲುಗಳನ್ನು ಯಾರೋ ದೊಡ್ಡದು ಮಾಡಿ ಹಾಸಿದಂತಿತ್ತು: ಅದೇ ನುಗ್ಗೆ, ಅದೇ ಹಾಗಲ, ಹಗ್ಗ ಕಟ್ಟಿದ ಅವೇ ಹುಂಜಗಳು.

ಮೊದಲ ಮನೆ ಬಡೊಕ್‌ನಲ್ಲಿ. ಪೆಟ್ಟಿಗೆ ಇಳಿಸುವಷ್ಟರಲ್ಲಿ ನೆರೆಹೊರೆಯವರೆಲ್ಲ ಸೇರಿದರು. ವಿಸಿಂಗ್ ಮುಂದೆ ಹೋಗಿ, ‘ನಾನೇ ದುಮ್ಲಾವ್. ತಡ ಮಾಡಿದ್ದು ನಾನೇ. ತಪ್ಪಾಯ್ತು’ ಅಂದಳು. ಮನೆಯ ಗಂಡಸು ತುಕ್ಕು ಹಿಡಿದ ಮಾಂಸದ ಡಬ್ಬಿ ಎತ್ತಿ ಅವಳ ಕಾಲ ಬುಡಕ್ಕೆ ಎಸೆದ. ‘ಇದನ್ನ ನೀನೇ ತಿನ್ನು’ ಎಂದ. ಅವಳು ಬಗ್ಗಿ ಡಬ್ಬಿ ಎತ್ತಿಕೊಂಡು ಲಾರಿಗೆ ಬಂದಳು. ಮುಂದಿನ ಮನೆಯಲ್ಲಿ ಬೈಗುಳ. ಅದರ ಮುಂದಿನದರಲ್ಲಿ ಕಾಫಿ ಕೊಟ್ಟು ಬೈಗುಳ. ಪವಾಯ್‌ನಲ್ಲಿ ಒಂದು ಮಗುವಿಗೆ ತಂದ ಶೂ ಕಾಲಿಗೆ ಹತ್ತಲಿಲ್ಲ, ಕಾಲು ಬೆಳೆದುಬಿಟ್ಟಿತ್ತು. ಮಗು ಅಳುವ ಮೊದಲೇ ಅದರ ತಂಗಿ ಶೂ ಹಾಕಿಕೊಂಡು ಅಂಗಳದಲ್ಲಿ ಓಡತೊಡಗಿದಳು. ವಿಸಿಂಗ್ ಒಳಗೆ ಹೋಗಿ ದೊಡ್ಡ ಹುಡುಗಿಯ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡಳು. ಲಿಯೊನಿಲಾ ಬಾಗಿಲಲ್ಲಿ ನಿಂತು ನೋಡಿದಳು. ವಿಸಿಂಗ್ ಬಾಗಿಲ ಪಕ್ಕದಲ್ಲೇ ಹಾದು ಹೋದಾಗ ಮಾತ್ರ ಬೇರೆ ಕಡೆ ತಿರುಗಿದಳು.

ಬಕಾರಾದಲ್ಲಿ ಸಿಂಫೊರೋಸಾಳ ತವರು. ಅಂಗಳ ಗುಡಿಸುತ್ತಿದ್ದ ಅವಳ ತಂಗಿ ಪೆಟ್ಟಿಗೆ ನೋಡಿ ಪೊರಕೆ ಬಿಟ್ಟಳು. ‘ಅವ್ವ ಹೋಗಿ ತಿಂಗಳಾಯ್ತು’ ಅಂದಳು. ಬಯ್ಯಲಿಲ್ಲ. ಕೂತು ಪೆಟ್ಟಿಗೆ ಬಿಚ್ಚಿದಳು. ಮಧ್ಯದಲ್ಲಿದ್ದದ್ದರಿಂದಲೋ ಏನೋ, ಕಂಬಳಿ ಒಣಗಿಯೇ ಇತ್ತು. ಅದನ್ನು ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡು, ಆ ಮಧ್ಯಾಹ್ನದ ಸೆಕೆಯಲ್ಲಿ ಹಾಗೇ ಕೂತಳು. ‘ಅಕ್ಕ ಕಳಿಸಿದ್ದು ನಿಜ ಹಾಗಾದ್ರೆ’ ಅಂದಳು. ವಿಸಿಂಗ್ ಅಲ್ಲಿಂದ ಹೇಗೆ ಎದ್ದು ಬಂದಳೋ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತವಳು ಲಾರಿ ಹತ್ತಲಿಲ್ಲ.

ಗ್ವಾಲ್ಬೆರ್ತೊ ಒಮ್ಮೆ ಅವಳನ್ನು, ಒಮ್ಮೆ ಇವಳನ್ನು ನೋಡಿ, ಟೈರು ನೋಡುವ ನೆಪ ಮಾಡಿಕೊಂಡು ಲಾರಿಯ ಆಚೆ ಬದಿಗೆ ಹೋದ. ಲಿಯೊನಿಲಾ ಎದುರಿನ ಗೂಡಂಗಡಿಯಿಂದ ಕಿತ್ತಳೆ ಬಣ್ಣದ, ಕರಿದ ಕಡುಬಿನಂಥ ಎಂಪನಾಡ ಎರಡು ಕಟ್ಟಿಸಿಕೊಂಡು ಬಂದು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತಳು.

‘ತಿನ್ನು, ಕುಮಾರೆ’ ಅಂದಳು. ‘ಇನ್ನೂ ಡಿಂಗ್ರಾಸ್ ಇದೆ. ಅಲ್ಲಿಯವರು ಬಯ್ಯೋದ್ರಲ್ಲಿ ಇವರಿಗಿಂತ ಜೋರು. ನಮ್ಮಪ್ಪನ ಊರು.’

ವಿಸಿಂಗ್ ತಿನ್ನದೆ ಕೈಯಲ್ಲಿ ಹಿಡಿದುಕೊಂಡಳು. ‘ನನಗೆ ಒಂದು ವಾರ ಟೈಮ್ ಕೊಡ್ಬೋದಿತ್ತು ನೀನು.’

‘ಕೊಟ್ಟಿದ್ರೆ ಏನ್ ಮಾಡ್ತಿದ್ದೆ?’

ವಿಸಿಂಗ್ ಯೋಚಿಸಿದಳು. ‘ಇನ್ನೊಂದು ಹಡಗು ತುಂಬ್ತಿದ್ದೆ’ ಅಂದಳು. ಆಮೇಲೆ ತಿನ್ನತೊಡಗಿದಳು. ಅಳು ಬರುತ್ತಿದ್ದರೂ ತಿನ್ನುತ್ತಲೇ ಇದ್ದಳು. ಎಣ್ಣೆ ಮೊಣಕೈ ತನಕ ಇಳಿಯಿತು. ಲಿಯೊನಿಲಾ ತನ್ನ ಕರವಸ್ತ್ರ ಕೊಟ್ಟಳು.

ಎಲ್ಲ ಪೆಟ್ಟಿಗೆಗಳೂ ಮುಟ್ಟಲಿಲ್ಲ. ಹೆಸರು ನೀರಿಗೆ ಅಳಿಸಿಹೋಗಿದ್ದವನ್ನು ಲವಾಗ್‌ನ ಚರ್ಚಿಗೆ ಕೊಟ್ಟು ಬಂದರು. ವೈಪಾಹುವಿಗೆ ಮರಳಿದ ಮೇಲೆ ಕೆಲವರು ವಿಸಿಂಗ್‌ಳನ್ನು ಕ್ಷಮಿಸಿದರು, ಕೆಲವರು ಕೊನೆತನಕ ಮುಖ ನೋಡಲಿಲ್ಲ. ಅವಳು ಮತ್ತೆ ಹೋಟೆಲಿಗೆ ಹೋಗಿ ಹಾಸಿಗೆ ಹಾಸಿದಳು. ಹಿಂದಿನ ಪುಟ ಹೋದ ಮೇಲೆ ‘ಸರಿತಾ’ ಬಡವಾಯಿತು. ಪುಟಗಳು ಕಡಿಮೆಯಾದವು, ಹದಿನೈದು ದಿನಕ್ಕೆ ಬರುತ್ತಿದ್ದದ್ದು ತಿಂಗಳಿಗೊಮ್ಮೆಯಾಯಿತು. ಸಾಯಲಿಲ್ಲ. ಅಂಗಡಿಯ ಕಟ್ಟೆಯಿಂದ ರಾಣಿ ಇಲ್ಲದೆಯೂ ಏಳತೊಡಗಿತು. ಶನಿವಾರಗಳಲ್ಲಿ ವಿಸಿಂಗ್ ಗ್ಯಾರೇಜಿಗೆ ಬಂದು ವಿಳಾಸದ ಚೀಟಿ ಅಂಟಿಸುತ್ತಿದ್ದಳು. ಇಬ್ಬರೂ ಇಡೀ ಹೊತ್ತು ಜಗಳವಾಡುತ್ತಿದ್ದರು: ಅಂಟು ಹೆಚ್ಚಾಯಿತು, ಬದನೆಕಾಯಿಗೆ ಉಪ್ಪು ಸಾಲದು, ಈ ಸಾಲು ಇಷ್ಟುದ್ದ ಯಾಕೆ. ಫೌಸ್ತಿನೊ ರೇಡಿಯೋ ಜೋರು ಮಾಡಿಕೊಂಡು ಹೊರಗೆ ಕೂರುತ್ತಿದ್ದ. ಡೆಲಿಯಾ ರಜೆಗೆ ಬಂದಾಗ ಧರ್ಮತಾಯಿಯ ಪಕ್ಕ ಕೂತು ಚೀಟಿ ಹರಿದುಕೊಡುತ್ತಿದ್ದಳು.

ಗಿರಣಿ ನಿಂತಿತು. ಬೂದಿ ಬೀಳುವುದು ನಿಂತ ಮೇಲೆ, ಬಟ್ಟೆ ಒಣಹಾಕುವಾಗ ಆಕಾಶ ನೋಡುವ ಅಭ್ಯಾಸ ಮಾತ್ರ ಹಳಬರಿಗೆ ಉಳಿಯಿತು. ಚಿಮಣಿ ಇನ್ನೂ ಇದೆ. ಅದರ ಬುಡದಲ್ಲಿ ಈಗ ಬೇರೆ ಕಟ್ಟಡಗಳು. ಕಬ್ಬಿದ್ದಲ್ಲಿ ಮನೆಗಳೆದ್ದಿವೆ.

ವಿಸಿಂಗ್‌ಗೆ ಹೊಟ್ಟೆಯ ಕಾಯಿಲೆ ಬಂದು ಹಾಸಿಗೆ ಹಿಡಿದಾಗ ಲಿಯೊನಿಲಾ ದಿನವೂ ನುಗ್ಗೆಸೊಪ್ಪಿನ ಸಾರು ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ವಿಸಿಂಗ್ ಕೇಳಿದಳು:

‘ನಾನು ಹೋದ ಮೇಲೆ ಏನ್ ಬರೀತೀಯ?’

ಲಿಯೊನಿಲಾ ಚಮಚ ಕೆಳಗಿಟ್ಟಳು. ‘ಪೆಟ್ಟಿಗೆ ವಿಷಯ ಬರೀತೀನಿ.’

‘ಅದು ಗೊತ್ತು. ಲಾರಿ ವಿಷಯಾನೂ ಬರಿ.’

‘ಬರೀತೀನಿ.’

‘ನಾನು ಹೈಸ್ಕೂಲ್ ಟೀಚರ್ ಆಗಿದ್ದೆ ಅನ್ನೋದನ್ನ ಮೊದಲನೇ ಸಾಲಲ್ಲೇ ಹಾಕು. ಎಲ್ಲರೂ ಮರೆತುಬಿಟ್ಟಿದಾರೆ.’

ವಿಸಿಂಗ್ ತೀರಿಕೊಂಡಾಗ ಹಾಗೇ ಹಾಕಿದಳು. ಮೊದಲ ಸಾಲಿನಲ್ಲಿ ಟೀಚರು. ನಡುವೆ ಎಲ್ಲಿಯೋ, ಮುಚ್ಚುಮರೆಯಿಲ್ಲದೆ, ಶೆಡ್ಡು. ಆಮೇಲೆ ಬಡೊಕ್‌ನಿಂದ ಡಿಂಗ್ರಾಸ್ ತನಕದ ರಸ್ತೆ. ‘ಸರಿತಾ’ದಲ್ಲಿ ಬಂದ ಬರಹಗಳಲ್ಲೆಲ್ಲ ಜನ ಕತ್ತರಿಸಿ ಇಟ್ಟುಕೊಂಡದ್ದು ಇದೊಂದೇ ಇರಬೇಕು. ಒಂಬತ್ತು ದಿನದ ಪ್ರಾರ್ಥನೆಯ ಕೊನೆಯ ಸಂಜೆ ವಿಸಿಂಗ್‌ಳ ಮಗ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಓದುವ ಮುಂಚೆ ಒಂದು ಗಳಿಗೆ ಲಿಯೊನಿಲಾಳ ಕಡೆ ದುರುಗುಟ್ಟಿ ನೋಡಿದ್ದ. ಗ್ವಾಲ್ಬೆರ್ತೊ ಟೆಲಿಫೋನಾದ ಜಾಗಕ್ಕೆ ಬರುವಷ್ಟರಲ್ಲಿ ಅವನಿಗೇ ನಗು ತಡೆಯಲಾಗಲಿಲ್ಲ. ಕೇಳುತ್ತಿದ್ದವರೂ ನಕ್ಕರು. ಆಮೇಲೆ ಹಜಾರದಲ್ಲಿ ಶಾವಿಗೆಯ ದೊಡ್ಡ ತಟ್ಟೆಗಳು ಬಂದವು. ತಮ್ಮತಮ್ಮ ಊರಿನ ಮನೆಗೆ ಪೆಟ್ಟಿಗೆ ಬಂದ ದಿನವನ್ನು ಎಲ್ಲರೂ ಒಟ್ಟಿಗೆ ಹೇಳತೊಡಗಿದರು: ವಿಸಿಂಗ್ ಯಾವ ಬಟ್ಟೆ ಹಾಕಿದ್ದಳು, ಅಜ್ಜಿ ಏನೆಂದು ಬಯ್ದಳು, ಟವೆಲು ಎಷ್ಟು ವರ್ಷ ಬಾಳಿತು.

‘ಆ ಶೂ ಕಥೆ ಬಡೊಕ್‌ನಲ್ಲಿ ಆಗಿದ್ದು’ ಎಂದು ಮೂಲೆಯಲ್ಲಿದ್ದ ಮುದುಕನೊಬ್ಬ ಹೇಳಿದ.

‘ಪವಾಯ್‌ನಲ್ಲಿ’ ಅಂದಳು ಲಿಯೊನಿಲಾ. ‘ನಾನು ಬಾಗಿಲಲ್ಲೇ ಇದ್ದೆ.’ ತಟ್ಟೆ ತೆಗೆದುಕೊಂಡು, ಅವರ ನಡುವೆ ಖಾಲಿಯಿದ್ದ ಕುರ್ಚಿ ಎಳೆದು ಕೂತಳು.